ಕೈ ಇಲ್ಲದ ಹಲಗಿ

ಹುಮನಾಬಾದಿನ ಹೆದ್ದಾರಿ ಬದಿಗೆ, ಅಬ್ದುಲ್ ರಜಾಕ್‌ನ ಮೋಟಾರ್ ವೈಂಡಿಂಗ್ ಅಂಗಡಿಗೆ ತಾಗಿಕೊಂಡು ನನ್ನ ತಗಡಿನ ಶೆಡ್ ಇದೆ. ಹೊರಗೆ ಬೋರ್ಡು ಇಲ್ಲ. ಯಾರಾದರೂ ಹುಡುಕಿಕೊಂಡು ಬಂದರೆ ರಜಾಕ್ "ಬಾಜಾ ಮಷೀನ್ ಸಾಹೇಬ್ರು ಅಲ್ಲೇ ಅದಾರ ನೋಡ್ರಿ" ಎಂದು ಕೈ ತೋರಿಸುತ್ತಾನೆ. ಗುಡಿಗಳಲ್ಲಿ ಪೂಜಾರಿ ಸ್ವಿಚ್ ಒತ್ತಿದರೆ ತಾನೇ ಬಡಿದುಕೊಳ್ಳುವ ಗಂಟೆ, ಜಾಗಟೆ, ನಗಾರಿ ನೋಡಿದ್ದೀರಲ್ಲ, ಹೊಟ್ಟೆಪಾಡಿಗೆ ನಾನು ಮಾಡುವುದು ಅದನ್ನೇ. ಉಳಿದ ಹೊತ್ತಿನಲ್ಲಿ ಮಾಡುವುದಕ್ಕೆ ಕಲೆ ಎಂದು ಹೆಸರಿಟ್ಟಿದ್ದೇನೆ. ಗಾಳಿ ಬಂದರೆ ತಂತಿ ಮೀಟುವ ಸೈಕಲ್ ಚಕ್ರ, ನೀರು ಕುದ್ದರೆ ಸೀಟಿ ಊದುವ ಹಿತ್ತಾಳೆ ಕೊಡ, ಹೊಲಿಗೆ ಮಷೀನಿನ ಪೆಡಲಿನಿಂದ ನುಡಿಯುವ ಹಾರ್ಮೋನಿಯಂ. ಕಲಬುರಗಿಯಲ್ಲಿ ಐದು ವರ್ಷ ಚಿತ್ರಕಲೆ ಓದಿ ಕೊನೆಗೆ ಗುಜರಿಯಲ್ಲಿ ಕೈ ಹಾಕಿದವನು ನಾನು. ಯಾರಾದರೂ ನನ್ನನ್ನು ಕಲಾವಿದ ಎಂದರೆ ಕಿವಿ ನೆಟ್ಟಗಾಗುತ್ತದೆ. ಈಗ ಹೇಳಹೊರಟಿದ್ದೆಲ್ಲ ಆ ಕಿವಿಯದೇ ಕಿತಾಪತಿ.

ನಮ್ಮ ಊರು ಬಸವಕಲ್ಯಾಣ ತಾಲೂಕಿನದು, ರಾಜೇಶ್ವರ ದಾಟಿ ಒಳಗೆ ಹೋಗಬೇಕು. ಹೆಸರು ಹೇಳುವುದಿಲ್ಲ. ನಮ್ಮ ಓಣಿಯವರು ತಲೆತಲಾಂತರದಿಂದ ಊರಿಗೆ ಹಲಗಿ ಬಾರಿಸಿದವರು. ಮದುವೆಗೆ, ಕುಸ್ತಿಗೆ, ಡಂಗುರಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಹೆಣದ ಮುಂದೆ. ಸತ್ತವರ ಮನೆಯ ಆಳು ಓಣಿಯ ಬಾಯಲ್ಲಿ ನಿಂತು ಕೂಗಿದರೆ ಉಣ್ಣುವ ತಾಟು ಬಿಟ್ಟು ಏಳಬೇಕಿತ್ತು. ನನ್ನಪ್ಪ ಮಚ್ಚೇಂದ್ರನ ಕೈ ಸುತ್ತ ಹತ್ತು ಹಳ್ಳಿಗೆ ಹೆಸರಾದ ಕೈ. ನಾನು ಹೊಟ್ಟೆಯಲ್ಲಿದ್ದಾಗ ಓಣಿಯ ಆರು ಮನೆಯವರು ಬುದ್ಧನ ಮುಂದೆ ಮೇಣದ ಬತ್ತಿ ಹಚ್ಚಿ, ಇನ್ನು ಹಲಗಿ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು, ಇದ್ದಬದ್ದ ಹಲಗಿಗಳನ್ನೆಲ್ಲ ಹಾಳುಬಾವಿಗೆ ಎಸೆದರು. ಊರು ಸುಮ್ಮನಿರಲಿಲ್ಲ. ಮೂರು ತಿಂಗಳು ಯಾರೂ ಹೊಲದ ಕೆಲಸಕ್ಕೆ ಕರೆಯಲಿಲ್ಲ, ಗಿರಣಿಯವನು ಜೋಳ ಬೀಸಿಕೊಡಲಿಲ್ಲ. ನನ್ನವ್ವ ಮೀರಾಬಾಯಿ ತುಂಬಿದ ಬಸುರಿ, ಜೋಳದ ಗಂಟು ತಲೆಯ ಮೇಲೆ ಹೊತ್ತು ರಾಜೇಶ್ವರದ ಗಿರಣಿಯವರೆಗೆ ನಡೆದು ಹೋಗಿ ಬರುತ್ತಿದ್ದಳು.

ಆ ಮೂರು ತಿಂಗಳಲ್ಲಿ ಅಪ್ಪನನ್ನು ಕೆಲಸಕ್ಕೆ ಕರೆದವಳು ಒಬ್ಬಳೇ, ದೊಡ್ಡಮನೆಯ ಸೊಸೆ ಧೂಳಮ್ಮ. ಮನೆಯ ಗಂಡಸರು ಗುರುಗುಟ್ಟಿದರೂ ಕೇಳದೆ ತೊಗರಿ ಹೊಲದ ಕಳೆ ತೆಗೆಯಲು ಹೇಳಿಕಳಿಸಿದಳು. "ಹಲಗಿ ಬಾರಸೂದು ಬಿಟ್ಟಾರ, ದುಡಿಯೂದು ಬಿಟ್ಟಿಲ್ಲಲ್ಲ" ಅಂದಳಂತೆ. ಅಪ್ಪ ಈ ಮಾತನ್ನು ನೂರು ಸಲವಾದರೂ ನನಗೆ ಹೇಳಿದ್ದಾನೆ. ಅವನು ಯಾರನ್ನೂ ಹೊಗಳುವ ಪೈಕಿ ಅಲ್ಲ.

ಎರಡು ವರ್ಷದ ಹಿಂದೆ ನನಗೊಂದು ಹುಚ್ಚು ಹತ್ತಿತು. ಮನುಷ್ಯನ ಕೈ ಇಲ್ಲದೆ ನುಡಿಯುವ ಹಲಗಿ ಮಾಡಬೇಕು. ಯಂತ್ರವೇ ಬಾರಿಸಿದರೆ ಓಣಿಯ ಬಾಯಲ್ಲಿ ನಿಂತು ಕೂಗುವುದು ಯಾರನ್ನು? ಇದು ನನ್ನ ವಾದ. ಮಾತು ಚಂದವಿತ್ತು, ಪ್ರದರ್ಶನದ ಕರಪತ್ರದಲ್ಲಿ ಅಚ್ಚು ಹಾಕಿಸಲು ಹೇಳಿ ಮಾಡಿಸಿದಂತಿತ್ತು. ಹಳೆಯ ಕಬ್ಬಿಣದ ಮಂಚದ ಚೌಕಟ್ಟಿಗೆ ನಾಲ್ಕು ಹಲಗಿ ತೂಗುಹಾಕಿದೆ. ಒಂದೊಂದಕ್ಕೆ ಒಂದು ದಪ್ಪ ಕೋಲು, ಒಂದು ಸಣ್ಣ ಕಡ್ಡಿ. ಕೆಳಗೆ ಬೇವಿನ ಮರದ ಉರುಳೆ, ಉರುಳೆಯ ಮೈತುಂಬ ಮೊಳೆ. ಲಾರಿ ವೈಪರಿನ ಮೋಟಾರು ಉರುಳೆಯನ್ನು ತಿರುಗಿಸುತ್ತದೆ, ಮೊಳೆ ಕೋಲನ್ನು ಎತ್ತಿ ಬಿಡುತ್ತದೆ, ಕೋಲು ಚರ್ಮಕ್ಕೆ ಬೀಳುತ್ತದೆ. ಒಂದು ಏಟಿಗೆ ಒಂದು ಮೊಳೆ. ಬೇರೆ ತಾಳದ ನಡೆ ಬೇಕಾದರೆ ಬೇರೆ ಉರುಳೆ. ಎಲ್ಲ ಸಿದ್ಧವಾಯಿತು, ಆದರೆ ಎಲ್ಲಿ ಮೊಳೆ ಹೊಡೆಯಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಹುಟ್ಟಿದ ಮೇಲೆ ನಮ್ಮ ಓಣಿಯಲ್ಲಿ ಯಾರೂ ಹಲಗಿ ಬಾರಿಸಿಲ್ಲ. ಊರ ಮದುವೆಗಳಿಗೆ ಡಿಜೆ ಬಂದಿತ್ತು.

ಅಪ್ಪನನ್ನು ಕೇಳಲು ನಾಲಿಗೆ ಏಳಲಿಲ್ಲ. ತಿಂಗಳುಗಟ್ಟಲೆ ಹಿಂದೆ ಮುಂದೆ ನೋಡಿ ಒಂದು ದಿನ ಕೇಳಿಯೇಬಿಟ್ಟೆ. ಅವನು ಬೈಯಲಿಲ್ಲ. ಮುಂದಿನ ಸೋಮವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಸ್ಸಿನಲ್ಲಿ ಹುಮನಾಬಾದಿಗೆ ಬಂದ. ಹಲಗಿಯ ಹತ್ತಿರ ಹೋಗಲಿಲ್ಲ. ರಜಾಕ್‌ನ ಮರದ ಬೆಂಚಿನ ಮೇಲೆ ಕೂತು ಬೆರಳಿನಿಂದ ಬೆಂಚು ಬಡಿದು ತೋರಿಸಿದ. ನಾನು ಚೌಕುಳಿ ಹಾಳೆಯಲ್ಲಿ ಏಟಿಗೊಂದು ಚುಕ್ಕೆ ಇಟ್ಟೆ. ಕುಸ್ತಿಯದು, ಡಂಗುರದ್ದು, ಅರಿಶಿಣದ್ದು. ಹೀಗೆ ಮೂರು ಸೋಮವಾರ. ಬೆರಳು ಬೆಂಚಿನ ಮೇಲೆ ಓಡುವಾಗ ಅವನ ಮುಖದಲ್ಲಿ ನಾನು ನೋಡದ ಒಬ್ಬ ಹುಡುಗ ಕಾಣುತ್ತಿದ್ದ. ರಜಾಕ್ ಕೆಲಸ ಬಿಟ್ಟು ಕೇಳುತ್ತ ಕೂತುಬಿಡುತ್ತಿದ್ದ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮೂರನೆಯ ಸೋಮವಾರ ಅಪ್ಪ ಏಳುವ ಹೊತ್ತಿಗೆ ನಾನು ಕೇಳಿದೆ, "ಹೆಣದ ನಡಿ ಒಂದು ಉಳೀತಲ್ಲಪ್ಪಾ."

"ಅದ್ಯಾಕ ಬೇಕು ನಿನಗ?"

"ಅದಿಲ್ಲಂದ್ರ ಈ ಹಲಗಿ ಪೂರಾ ಆಗಂಗಿಲ್ಲ."

ಎದ್ದಿದ್ದ ಅಪ್ಪ ಮತ್ತೆ ಬೆಂಚಿನ ಮೇಲೆ ಕೂತ. ಇನ್ನೊಂದು ಚಹಾ ತರಿಸಿದೆ, ಕುಡಿದ. ಆಮೇಲೆ ಬೆಂಚಿನ ಮೇಲೆ ಬೆರಳಿಟ್ಟು "ಬರಕೋ" ಅಂದ. ಬರೆದುಕೊಂಡೆ. ಸಾವಿಗೆ ಈ ಓಟ ಹೆಚ್ಚಾಯಿತೇನೋ ಅನ್ನಿಸಿತು, ಹಾಗಾಗಿ ಮೊಳೆ ಹೊಡೆದಾದ ಮೇಲೆ ಮೋಟಾರಿನ ವೇಗ ಅರ್ಧಕ್ಕಿಳಿಸಿದೆ. ಮುಂದಿನ ವಾರ ಅಪ್ಪನನ್ನು ಕರೆಸಿ ಕೇಳಿಸಿದೆ. ಉರುಳೆ ನಿಧಾನಕ್ಕೆ ತಿರುಗಿತು, ಏಟುಗಳು ಒಂದೊಂದಾಗಿ ಬಿದ್ದವು. ಅಪ್ಪ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ, ಹೆಗಲು ಕುಲುಕಿದವು. ಅಳುತ್ತಿದ್ದಾನೆ ಎಂದುಕೊಂಡು ನಾನು ಮರ್ಯಾದೆಯಿಂದ ಹೊರಗೆ ಹೋಗಿ ನಿಂತೆ.

ಹೊರಡುವಾಗ ಅವನು ಒಂದೇ ಮಾತು ಹೇಳಿದ. "ಈ ಮಷೀನ್ ಎಲ್ಲಿ ಬೇಕಾದ್ರ ಒಯ್ಯಿ. ನಮ್ಮೂರಿಗಿ ಮಾತ್ರ ತರಬ್ಯಾಡ."

"ತರಂಗಿಲ್ಲಪ್ಪಾ" ಅಂದೆ.

ಹುಮನಾಬಾದಿನ ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ ಪ್ರದರ್ಶನ ಇಟ್ಟೆ. 'ಕೈ ಇಲ್ಲದ ಹಲಗಿ' ಎಂದು ಬರೆಸಿದೆ. ಮಾಣಿಕನಗರದಿಂದ, ಬೀದರದಿಂದ, ಕಲಬುರಗಿಯಿಂದ ಜನ ಬಂದರು. ಹೆಣದ ನಡೆ ಶುರುವಾದರೆ ಎಲ್ಲರೂ ತಲೆ ತಗ್ಗಿಸುತ್ತಿದ್ದರು. ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಇದರಲ್ಲಿ ಶತಮಾನಗಳ ನೋವಿದೆ ಅಂದರು. ಎರಡನೇ ದಿನ ಗೋವರ್ಧನ ಬಂದ. ಧೂಳಮ್ಮನ ಮಗ, ಬಸವಕಲ್ಯಾಣದ ಹೈಸ್ಕೂಲಿನಲ್ಲಿ ನನ್ನ ಕ್ಲಾಸು, ಈಗ ಅಲ್ಲೇ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಆಗ ನನ್ನನ್ನು ಹೆಸರು ಹಿಡಿದು ಕರೆದಿದ್ದೂ ಕಡಿಮೆ. ಈಗ ಕೈಕುಲುಕಿ, ನನ್ನ ಜೊತೆ ಒಂದೇ ಬಾಟಲಿಯ ನೀರು ಕುಡಿದು, "ಸಮ್ಯಕ ಸರ್, ಕಮಾಲ್ ಮಾಡೀರಿ" ಅಂದ. ಆ 'ಸರ್' ನನ್ನ ಕಿವಿಯಲ್ಲಿ ವಾರವಿಡೀ ಕೂತಿತ್ತು.

ಈ ವರ್ಷ ಚೈತ್ರ ಕಳೆದ ಮೇಲೆ ಒಂದು ಮುಂಜಾನೆ ಗೋವರ್ಧನನ ಫೋನು ಬಂತು. ಧೂಳಮ್ಮ ಹೋಗಿದ್ದಳು. ಸಕ್ಕರೆ ಕಾಯಿಲೆ, ಅರವತ್ತೈದೂ ಆಗಿರಲಿಲ್ಲ.

"ನಮ್ಮವ್ವನ ಮುಂದ ಬಾರಸೋರು ಯಾರೂ ಇಲ್ಲ" ಅಂದ ಗೋವರ್ಧನ. ಅವನ ದನಿ ಒಡೆದಿತ್ತು. "ನಿಮ್ಮ ಮಷೀನ್ ತರ್ತೀರೇನು, ಸರ್? ನಾ ನಿಮ್ಮನ್ನ ಕಲಾವಿದ್ರು ಅಂತ ಕರ್ಯಾಕತ್ತೇನಿ, ಬ್ಯಾರೆ ಏನೂ ತಿಳಕೋಬ್ಯಾಡ್ರಿ."

ಬರುತ್ತೇನೆ ಎಂದು ಹೇಳಿ ಫೋನಿಟ್ಟೆ. ಆಮೇಲೆ ಕಾರಣ ಹುಡುಕಿಕೊಂಡೆ. ಧೂಳಮ್ಮ ನಮ್ಮ ಮನೆಗೆ ಅನ್ನ ಹಾಕಿದವಳು. ಯಂತ್ರಕ್ಕೆ ಜಾತಿ ಇಲ್ಲ. ಸಾವಿನ ಮನೆಯಲ್ಲಿ ಇಲ್ಲ ಎನ್ನಬಾರದು. ಎಲ್ಲ ಒಳ್ಳೆಯ ಕಾರಣಗಳೇ, ಒಂದೂ ನಿಜವಾದ ಕಾರಣವಲ್ಲ. ಊರವರ ಮುಂದೆ, ನಮ್ಮಪ್ಪನನ್ನು ಕೂಗಿ ಕರೆದವರ ಮುಂದೆ, ನಾನು 'ಸರ್' ಆಗಿ ಗಾಡಿಯಿಂದ ಇಳಿಯಬೇಕಿತ್ತು. ಅಷ್ಟೇ.

ಬಾಡಿಗೆಯ ಮೂರು ಗಾಲಿಯ ಟಂಟಂಗೆ ಯಂತ್ರ ಏರಿಸುವಾಗ ರಜಾಕ್ ಬ್ಯಾಟರಿ ಕಟ್ಟಿಕೊಟ್ಟು ಕೇಳಿದ, "ನಿಮ್ಮ ಅಬ್ಬಾಗ ಫೋನ್ ಮಾಡೀ ಏನು, ಭಾಯ್?"

"ಅಲ್ಲೇ ಹೋಗಾಕತ್ತೇನಲ್ಲ, ಹೋಗಿ ಹೇಳ್ತೀನಿ."

"ಹೋಗಿ ಹೇಳೂದು ಬ್ಯಾರೆ, ಕೇಳಿ ಹೋಗೂದು ಬ್ಯಾರೆ" ಅಂದ. ನಾನು ಗಾಡಿಯವನಿಗೆ ಹೊರಡು ಎಂದು ಕೈ ಮಾಡಿದೆ.

ದೊಡ್ಡಮನೆಯ ಅಂಗಳದಲ್ಲಿ ನನಗೆ ಕುರ್ಚಿ ಹಾಕಿದರು. ಸ್ಟೀಲಿನ ಲೋಟದಲ್ಲಿ ನೀರು ಕೊಟ್ಟರು. ಸುಳ್ಳೇಕೆ ಹೇಳಲಿ, ಆ ಸಾವಿನ ಮನೆಯಲ್ಲಿ ನನಗೆ ಸಂತೋಷವಾಗಿತ್ತು. ಹನ್ನೊಂದಕ್ಕೆ ಹೆಣ ಎತ್ತಿದರು. ಎಲ್ಲಕ್ಕಿಂತ ಮುಂದೆ ಟಂಟಂ, ಅದರ ಮೇಲೆ ನನ್ನ ಯಂತ್ರ, ಯಂತ್ರದ ಪಕ್ಕ ನಾನು. ಹಿಂದೆ ಬೆಂಕಿಯ ಮಡಿಕೆ ಹಿಡಿದ ಗೋವರ್ಧನ, ಅವನ ಹಿಂದೆ ನಾಲ್ಕು ಹೆಗಲ ಮೇಲೆ ಧೂಳಮ್ಮ. ಸ್ವಿಚ್ ಒತ್ತಿದೆ. ಉರುಳೆ ತಿರುಗಿತು, ನಾಲ್ಕೂ ಹಲಗಿ ಒಟ್ಟಿಗೆ ನುಡಿದವು. ಮನೆಗಳ ಮಾಳಿಗೆಯಿಂದ ಜನ ಬಗ್ಗಿ ನೋಡಿದರು.

ನೂರು ಹೆಜ್ಜೆ ಹೋಗಿರಬೇಕು. ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು ಕಂಡಿತು. ಯಾರೋ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಯಂತ್ರ ನೋಡಿ ಬೆರಗಾಗಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಧೂಳಮ್ಮನ ಮೈದುನ ಪಂಡರಿ ಕಾಕಾ ಗುಂಪಿನಿಂದ ಮುಂದೆ ಬಂದು ಟಂಟಂಗೆ ಅಡ್ಡ ನಿಂತ.

"ಬಂದ್ ಮಾಡು ಅದನ್ನ."

ಬಂದ್ ಮಾಡಿದೆ.

"ಇದೇನ್ ಬಾರಸಾಕತ್ತೀ ನೀ?"

"ಹೆಣದ ನಡಿರಿ, ಕಾಕಾ."

"ಯಾರ್ ಹೇಳಿದ್ರು ನಿನಗ? ಇದು ಮದುಮಗನ ಕುದುರಿ ಮುಂದ ಬಾರಸೂದು. ನನ್ನ ಮದುವ್ಯಾಗ ನಿಮ್ಮಪ್ಪನೇ ಬಾರಿಸ್ಯಾನ. ನೀ ಥೋಡೆ ಸಾವಕಾಶ ಬಾರಸಾಕತ್ತೀ, ಅಷ್ಟೇ ಫರಕು."

ಒಂದು ಕ್ಷಣಕ್ಕೆ ನನಗೆ ಎಲ್ಲ ಗೊತ್ತಾಯಿತು. ಟವೆಲ್ಲಿನ ಹಿಂದೆ ಅಪ್ಪ ಅತ್ತಿರಲಿಲ್ಲ, ನಕ್ಕಿದ್ದ. ಹೆಣದ ನಡೆಯನ್ನು ಮಾತ್ರ ಅವನು ನನಗೂ ಕೊಟ್ಟಿರಲಿಲ್ಲ, ನನ್ನ ಯಂತ್ರಕ್ಕೂ ಕೊಟ್ಟಿರಲಿಲ್ಲ. ಯಾವತ್ತೂ ಯಾವ ಹೆಣದ ಮುಂದೆಯೂ ಅದು ನುಡಿಯದಿರಲಿ ಎಂದು ಮದುವೆಯ ನಡೆ ಬರೆಸಿ ಕಳಿಸಿದ್ದ. ಮೇಷ್ಟ್ರು ಕಣ್ಣೊರೆಸಿಕೊಂಡದ್ದು ಮದುಮಗನ ಮೆರವಣಿಗೆಗೆ.

ಹಿಂದಿನಿಂದ ಹುಡುಗರು ನಕ್ಕರು. ಆ ನಗೆಗೆ ಪಂಡರಿಯ ಮಗ ಜ್ಞಾನೇಶ್ವರನ ಸಿಟ್ಟು ನೆತ್ತಿಗೇರಿತು. ಟಂಟಂ ಮೇಲೆ ಕಾಲಿಟ್ಟು ನನ್ನ ಅಂಗಿಯ ಕಾಲರು ಹಿಡಿದು ಕೆಳಗೆ ಎಳೆದ.

"ನಮ್ಮ ದೊಡ್ಡವ್ವನ ಹೆಣದ ಮುಂದ ಮದುವಿ ಬಾಜಾ ಹಚ್ತೀ ಏನಲೇ? ಮಜಾಕ್ ಮಾಡಾಕ ಬಂದೀ ಏನು?"

ನಾನು ಗೋವರ್ಧನನ ಕಡೆ ನೋಡಿದೆ. ಅವನು ಮಡಿಕೆಯ ಹೊಗೆ ನೋಡುತ್ತಿದ್ದ. ಬಿಡು ಎಂಬ ಎರಡಕ್ಷರ ಅವನ ಬಾಯಿಂದ ಬರಲಿಲ್ಲ. ಅವನ ಅವ್ವ ಹೆಗಲ ಮೇಲಿದ್ದಳು, ಅವನನ್ನು ನಾನು ಏನೆಂದು ದೂರಲಿ. ಎರಡೇ ನಿಮಿಷದಲ್ಲಿ ಕಲಾವಿದರು, ಸರ್ ಎಲ್ಲ ಉದುರಿಹೋಗಿ ನಾನು ಹಲಗಿ ತಪ್ಪಿ ಬಾರಿಸಿದ ಓಣಿಯವನಾಗಿ ನಿಂತಿದ್ದೆ.

ಆಗ ಅಪ್ಪ ಕಂಡ. ನಮ್ಮ ಓಣಿಯ ಬಾಯಲ್ಲಿ, ಅದೇ ಬಿಳಿ ಅಂಗಿ, ಕೈಯಲ್ಲಿ ಚೆಂಡುಹೂವಿನ ಮಾಲೆ. ಧೂಳಮ್ಮನ ಹೆಣಕ್ಕೆ ಮಾಲೆ ಹಾಕಿ ನಾಲ್ಕು ಜನರ ಜೊತೆ ಸ್ಮಶಾನದವರೆಗೆ ನಡೆಯಲು ಬಂದು ಕಾದಿದ್ದ. ಜೀವಮಾನದಲ್ಲಿ ಅವನು ಎಷ್ಟೋ ಹೆಣದ ಮುಂದೆ ನಡೆದಿದ್ದಾನೆ, ಒಂದು ಹೆಣದ ಹಿಂದೆ ಊರವರ ಜೊತೆ ಊರವನಾಗಿ ನಡೆಯುವುದು ಅದೇ ಮೊದಲಾಗುತ್ತಿತ್ತು. ಯಂತ್ರವನ್ನೂ ನನ್ನನ್ನೂ ನೋಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಪಂಡರಿಯೂ ಅವನನ್ನು ನೋಡಿದ. ಯಂತ್ರದಿಂದ ಒಂದು ಹಲಗಿ ಬಿಚ್ಚಿಕೊಂಡು, ಎರಡು ಕೋಲು ಕಿತ್ತುಕೊಂಡು ಅಪ್ಪನ ಹತ್ತಿರ ಹೋದ. ಅವನ ಕೈಯಿಂದ ಮಾಲೆ ತೆಗೆದುಕೊಂಡು ಯಾರದೋ ಕೈಗೆ ಕೊಟ್ಟ. ಮಾಲೆ ಇದ್ದ ಕೈಗೆ ಹಲಗಿ ಚಾಚಿದ.

"ಇವತ್ತೊಂದು ದಿನ, ಮಚ್ಚೇಂದ್ರ. ಹೆಗಲ ಮ್ಯಾಲಿನ ಹೆಣ ನಡು ದಾರ್‍ಯಾಗ ನಿಲ್ಲಸಬಾರದು, ನಿನಗ ಗೊತ್ತದ. ನಿನ್ನ ಮಗಾ ಮಾಡಿದ್ದು ನೀನೇ ಸುಧಾರಸಬೇಕು."

ಅಪ್ಪ ಹಲಗಿ ಮುಟ್ಟಲಿಲ್ಲ. ಜ್ಞಾನೇಶ್ವರನನ್ನು ನೋಡಿ, "ಮದ್ಲ ಅವನ ಅಂಗಿ ಬಿಡ್ರಿ" ಅಂದ.

ಜ್ಞಾನೇಶ್ವರ ಬಿಟ್ಟ. ಅಪ್ಪ ಹಲಗಿ ತೆಗೆದುಕೊಂಡ.

ಬ್ಯಾಡಪ್ಪಾ ಎಂದು ನಾನು ಕೂಗಬಹುದಿತ್ತು. ಹಲಗಿ ಕಸಿದುಕೊಂಡು ರಸ್ತೆಗೆ ಎಸೆಯಬಹುದಿತ್ತು, ನಾಲ್ಕು ಏಟು ತಿನ್ನುತ್ತಿದ್ದೆ, ಆಗಿಹೋಗುತ್ತಿತ್ತು. ಹೆದರಿದ್ದೆ ಎಂದು ಹೇಳಿ ತಪ್ಪಿಸಿಕೊಳ್ಳಲು ಮನಸ್ಸಾಗುತ್ತದೆ. ಹೆದರಿದ್ದು ನಿಜ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಆ ನಡೆ ಹೇಗಿದೆ ಎಂದು ನನಗೆ ಕೇಳಬೇಕಿತ್ತು.

ಅಪ್ಪ ಹಲಗಿಯ ಚರ್ಮವನ್ನು ಅಂಗೈಯಿಂದ ಒಮ್ಮೆ ಸವರಿ, ಎಡತೋಳಿಗೆ ಏರಿಸಿಕೊಂಡು ಟಂಟಂ ದಾಟಿ ಮುಂದೆ ಹೋದ. ಮೊದಲ ಏಟು ಬಿತ್ತು. ಸಣ್ಣ ಕಡ್ಡಿ ಬಿಡದೆ ನಡುಗುತ್ತ ಓಡುತ್ತಿತ್ತು, ದಪ್ಪ ಕೋಲು ಬರಬೇಕಾದ ಜಾಗದಲ್ಲಿ ಬರುತ್ತಿರಲಿಲ್ಲ. ಇನ್ನು ಬರುವುದಿಲ್ಲ ಅಂದುಕೊಳ್ಳುವಾಗ ತಡವಾಗಿ, ಒಂದೇ ಸಲ, ಭಾರವಾಗಿ ಬೀಳುತ್ತಿತ್ತು. ಹೆಣ ಹೊತ್ತವರ ಹೆಜ್ಜೆ ತಾನಾಗಿ ಅದಕ್ಕೆ ಕೂಡಿತು. ಹೆಂಗಸರ ಅಳು ಆಗ ಶುರುವಾಯಿತು. ಗೋವರ್ಧನನೂ ಅತ್ತ. ಊರಿನಲ್ಲಿ ಮೂವತ್ತು ವರ್ಷ ಕೇಳದ ಸದ್ದು ಅದು, ಆದರೂ ಎಲ್ಲರಿಗೂ ಗೊತ್ತಿದ್ದಂತೆ ಅತ್ತರು.

ನಮ್ಮ ಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಅಪ್ಪನನ್ನು ನೋಡಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಪ್ಪನ ಹಿಂದೆ ನಡೆಯುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ, ಹಾಗೆ ತಲೆ ತಗ್ಗಿಸಿಕೊಂಡೇ ನಾನು ಎಣಿಸುತ್ತಿದ್ದೆ. ಏಳು ಸಣ್ಣ, ಒಂದು ಖಾಲಿ, ಒಂದು ದಪ್ಪ. ಎಣಿಕೆ ತಪ್ಪುತ್ತಿತ್ತು. ಆಗ ನನ್ನ ಕೈ ಜೇಬಿಗೆ ಹೋಯಿತು, ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಫೋನಿನ ತುದಿ ಅಂಗಿಯ ಜೇಬಿನಿಂದ ಒಂದಿಷ್ಟು ಹೊರಗಿರುವಂತೆ ಇಟ್ಟುಕೊಂಡಿತು. ತಪ್ಪನ್ನು ಕೈಯ ಮೇಲೆ ಹಾಕುತ್ತಿದ್ದೇನೆ, ಮಾಡಿದವನು ನಾನೇ. ಇನ್ನಷ್ಟು ದೂರ ಹೋದ ಮೇಲೆ ಅಪ್ಪ ಒಮ್ಮೆ ತಿರುಗಿ ನೋಡಿದ, ಮತ್ತೆ ಮುಂದೆ ನೋಡಿದ.

ಸ್ಮಶಾನದಲ್ಲಿ ಹಲಗಿಯನ್ನು ಕಲ್ಲಿನ ಮೇಲೆ ಇಟ್ಟು ದೂರ ಬಂದು ನಿಂತ. ದೊಡ್ಡಮನೆಯ ಆಳು ಹೊಸ ಟವೆಲ್ಲಿನಲ್ಲಿ ಜೋಳ, ತೆಂಗಿನಕಾಯಿ ಕಟ್ಟಿ ತಂದು, ಹಿಂದಿನ ಪದ್ಧತಿಯಂತೆ ಕೈಗೆ ಕೊಡದೆ ಕಾಲ ಮುಂದೆ ಇಟ್ಟು ಹೋದ. ಅಪ್ಪ ಅದನ್ನು ನೋಡಲೂ ಇಲ್ಲ. ಬೆಂಕಿ ಹತ್ತುವವರೆಗೆ ಕೈಮುಗಿದು ನಿಂತಿದ್ದು, ಆಮೇಲೆ ಹೊರಟ. ಗಂಟು ಅಲ್ಲೇ ಉಳಿಯಿತು.

ಊರ ಹೊರಗಿನ ಕೈಪಂಪಿನ ಹತ್ತಿರ ಅವನು ನಿಂತ. ನಾನು ಪಂಪು ಒತ್ತಿದೆ. ಮೊಳಕೈವರೆಗೆ ನೀರು ಹಾಕಿ ತಿಕ್ಕಿ ತೊಳೆದುಕೊಂಡ, ಮತ್ತೆ ತೊಳೆದುಕೊಂಡ. ಬಲಗೈಯ ಹೆಬ್ಬೆರಳ ಬುಡದಲ್ಲಿ ಚರ್ಮ ಸುಲಿದಿತ್ತು.

"ಸಿಕ್ತೇನು?" ಅಂದ.

"ಏನಪ್ಪಾ?"

"ಫೋನಿನಾಗ. ಪೂರಾ ಸಿಕ್ತೇನು?"

ನಾನು ಪಂಪಿನ ಹಿಡಿ ನೋಡುತ್ತ, "ಇಲ್ಲಪ್ಪಾ, ನಾ ಏನೂ ಹಚ್ಚಿದ್ದಿಲ್ಲ" ಅಂದೆ.

ಅವನು ಟವೆಲ್ಲಿನಿಂದ ಕೈ ಒರೆಸಿಕೊಂಡ. ಹುಮನಾಬಾದಿನ ಬೆಂಚಿನ ಮೇಲೆ ಕೂತು ಹೇಳಿಕೊಡುತ್ತಿದ್ದ ದನಿಯಲ್ಲೇ ಹೇಳಿದ.

"ನಡುವ ಒಂದು ಏಟು ತಪ್ಪೀನಿ ನಾ. ಭಾಳ ವರ್ಷ ಆತಲ್ಲ. ಮೊಳಿ ಹೊಡಿಯಾಗ ಅದೊಂದು ಸರಿ ಮಾಡಿಕೋ, ತಮ್ಮಾ."

ಆಮೇಲೆ ಅವನು ಮನೆಗೆ ಹೋದ, ನಾನು ಟಂಟಂ ಹತ್ತಿ ಹುಮನಾಬಾದಿಗೆ ಬಂದೆ. ನಾಲ್ಕು ತಿಂಗಳಾಯಿತು. ಅಪ್ಪ ಸೋಮವಾರ ಬರುವುದಿಲ್ಲ, ಫೋನು ಮಾಡಿದರೆ ಅವ್ವ ಎತ್ತಿ, ಅವನು ಹೊಲಕ್ಕೆ ಹೋಗಿದ್ದಾನೆ ಅನ್ನುತ್ತಾಳೆ. ಯಂತ್ರ ಮೂರು ಹಲಗಿಯೊಂದಿಗೆ ಶೆಡ್ಡಿನ ಮೂಲೆಯಲ್ಲಿ ನಿಂತಿದೆ. ಹೊಸ ಉರುಳೆ ಮಾಡಿಲ್ಲ, ಒಂದು ಮೊಳೆಯನ್ನೂ ಹೊಡೆದಿಲ್ಲ. ಹಾಗೆ ಹೇಳಿದರೆ ನಾನು ಒಳ್ಳೆಯವನಂತೆ ಕಾಣುತ್ತೇನೆ, ಅದಕ್ಕೇ ಉಳಿದದ್ದನ್ನೂ ಹೇಳಿಬಿಡುತ್ತೇನೆ. ರೆಕಾರ್ಡಿಂಗ್ ಅಳಿಸಿಲ್ಲ. ತಪ್ಪಿದ ಏಟು ಎಲ್ಲಿದೆ ಎಂದು ನನಗೆ ಗೊತ್ತು. ಆರನೇ ನಿಮಿಷ ದಾಟಿ ಹನ್ನೊಂದು ಸೆಕೆಂಡಿಗೆ, ಅಪ್ಪ ತಿರುಗಿ ನನ್ನ ಜೇಬು ನೋಡಿದ ಜಾಗದಲ್ಲಿ.